ಡ್ಯೂಸ್‌ಬರ್ಗ್ ಬಂದರು, ಉಕ್ಕಿನ ಕಾರ್ಖಾನೆ ಪಕ್ಕ ಮನೆ ಮಾಡ್ಬಹುದಾ? ಅಲ್ಲಿ ಇರೋರು ದಯವಿಟ್ಟು ಹೇಳಿ

ಹೊಸದಾಗಿ_ಬಂದೋಳು
ಎಲ್ರಿಗೂ ನಮಸ್ಕಾರ. ನಮ್ಮನೆಯವ್ರಿಗೆ ಜರ್ಮನಿಯ ಡ್ಯೂಸ್‌ಬರ್ಗ್ ಬಂದರಿನಲ್ಲಿ ಲಾಜಿಸ್ಟಿಕ್ಸ್ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಸೇರ್ಬೇಕು. ಮನೆ ಹುಡುಕ್ತಾ ಇದೀವಿ. ಮಾರ್ಕ್ಸ್‌ಲೋ ಮತ್ತೆ ಬ್ರುಕ್‌ಹೌಸನ್ ಕಡೆ ಬಾಡಿಗೆ ತುಂಬಾ ಕಮ್ಮಿ, ಮನೆನೂ ದೊಡ್ಡದು. ಆದ್ರೆ ಮ್ಯಾಪ್ ತೆಗೆದು ನೋಡಿದ್ರೆ ಪಕ್ಕದಲ್ಲೇ ಉಕ್ಕಿನ ಕಾರ್ಖಾನೆ, ಅದೂ ಸಣ್ಣದಲ್ಲ, ಊರಿಗಿಂತ ಕಾರ್ಖಾನೆನೇ ದೊಡ್ಡದಿರೋ ಹಾಗಿದೆ. ನಮಗೆ ಮೂರು ವರ್ಷದ ಮಗು ಇದೆ. ಧೂಳು ಎಷ್ಟಿರುತ್ತೆ? ಇನ್ನೊಂದು ವಿಷ್ಯ, ಇಲ್ಲಿ ಉಕ್ಕಿನ ಕಂಪನಿಗಳು ಸಾವಿರಾರು ಜನರನ್ನ ತೆಗೀತಿದಾರೆ ಅಂತ ನ್ಯೂಸಲ್ಲಿ ಬರ್ತಾನೇ ಇದೆ, ಹಾಗಾದ್ರೆ ಬಂದರಿನ ಕೆಲಸ ಉಳಿಯುತ್ತಾ? ಗೊತ್ತಿರೋರು ಸ್ವಲ್ಪ ವಿವರವಾಗಿ ಹೇಳಿ ಪ್ಲೀಸ್.

ಡಸೆಲ್‌ಡಾರ್ಫ್_ಕನ್ನಡಿಗ
ಬೇಡ. ಡಸೆಲ್‌ಡಾರ್ಫಲ್ಲಿ ಮನೆ ಮಾಡಿ, ಟ್ರೈನಲ್ಲಿ ಕಾಲು ಗಂಟೆ ಅಷ್ಟೇ.

ರೂರ್‌ಓರ್ಟ್_ನಿವಾಸಿ
@ಡಸೆಲ್‌ಡಾರ್ಫ್_ಕನ್ನಡಿಗ ಹೀಗೆ ಒಂದೇ ಮಾತಲ್ಲಿ ಬೇಡ ಅನ್ನೋದು ಬೇಡ ಸಾರ್. ನೀವು ಹೇಳೋ ಡಸೆಲ್‌ಡಾರ್ಫ್ ಬಾಡಿಗೆ ಕಟ್ಟೋಕೆ ಹೋದ್ರೆ ಹೊಸಬ್ರ ಸಂಬಳದಲ್ಲಿ ಅರ್ಧ ಅಲ್ಲೇ ಹೋಗುತ್ತೆ.

ಮೇಡಂ, ಡ್ಯೂಸ್‌ಬರ್ಗ್ ಅಂದ್ರೆ ಒಂದೇ ಊರು ಅಲ್ಲ. ರೂರ್‌ಓರ್ಟ್, ಮೈಡರಿಶ್, ಹಾಂಬೋರ್ನ್, ರೈನ್‌ಹೌಸನ್ ಎಲ್ಲ ಬೇರೆ ಬೇರೆ ಊರುಗಳಾಗಿದ್ದವು, ಆಮೇಲೆ ಸೇರಿಸಿದ್ದು. ರೂರ್‌ಓರ್ಟ್, ಮೈಡರಿಶ್ ಸೇರಿದ್ದು 1905ರಲ್ಲಿ, ಹಾಂಬೋರ್ನ್ ಸೇರಿದ್ದು 1929ರಲ್ಲಿ. ಈಗ್ಲೂ ಒಂದೊಂದು ಕಡೆ ಒಂದೊಂದು ಥರ. ದಕ್ಷಿಣದಲ್ಲಿ ಕೆರೆ, ಕಾಡು, ಸೈಕಲ್ ದಾರಿ. ಉತ್ತರದಲ್ಲಿ ನೀವು ನೋಡಿದ ಥೈಸೆನ್‌ಕ್ರುಪ್ ಕಾರ್ಖಾನೆ. ನಡುವೆ ರೂರ್ ನದಿ ರೈನ್‌ಗೆ ಸೇರೋ ಜಾಗದಲ್ಲಿ ಬಂದರು, ಅಲ್ಲೇ ರೂರ್‌ಓರ್ಟ್. ನಾನಿರೋದು ಇಲ್ಲಿ. ಸಂಜೆ ನದಿ ದಂಡೆ ಮೇಲೆ ಕೂತ್ರೆ ಹಡಗು ಹೋಗ್ತಾನೇ ಇರುತ್ತೆ, ವರ್ಷಕ್ಕೆ 20,000 ಹಡಗು ಬಂದು ಹೋಗೋ ಜಾಗ ಇದು. ಮಾರ್ಕ್ಸ್‌ಲೋ, ಬ್ರುಕ್‌ಹೌಸನ್ ಬಿಟ್ಟು ರೂರ್‌ಓರ್ಟ್ ಅಥವಾ ಮೈಡರಿಶ್ ನೋಡಿ ಅನ್ನೋದು ನನ್ನ ಸಲಹೆ.

ಹೊಸದಾಗಿ_ಬಂದೋಳು
ಥ್ಯಾಂಕ್ಸ್ ಸಾರ್. ಒಂದು ಪೆದ್ದು ಪ್ರಶ್ನೆ, ಸಮುದ್ರದಿಂದ ಇಷ್ಟು ದೂರದಲ್ಲಿ ಇಷ್ಟು ದೊಡ್ಡ ಬಂದರು ಯಾಕೆ?

ಕಂಟೇನರ್_ಕೆಲಸಗಾರ
ಪೆದ್ದು ಪ್ರಶ್ನೆ ಏನಲ್ಲ. ಇಲ್ಲಿ ಕಲ್ಲಿದ್ದಲು ಇತ್ತು, ರೂರ್ ನದೀಲಿ ದೋಣಿ ಮೇಲೆ ಕಲ್ಲಿದ್ದಲು ಇಳಿಸ್ಕೊಂಡು ಬಂದು ರೈನ್‌ನಲ್ಲಿ ದೊಡ್ಡ ದೋಣಿಗೆ ತುಂಬ್ತಿದ್ರು. ಬಂದರು ಶುರುವಾಗಿದ್ದು 1716ರಲ್ಲಿ. ಆಮೇಲೆ ಕಲ್ಲಿದ್ದಲು ಇದ್ದ ಕಡೆಗೇ ಕಬ್ಬಿಣದ ಅದಿರು ತರ್ಸೋಕೆ ಶುರು ಮಾಡಿದ್ರು, ಕುಲುಮೆಗಳು ಎದ್ದವು. ಆಗಸ್ಟ್ ಥೈಸೆನ್ ಬ್ರುಕ್‌ಹೌಸನ್‌ನಲ್ಲಿ ಉಕ್ಕು ಮಾಡೋಕೆ ಶುರು ಮಾಡಿದ್ದು 1891ರಲ್ಲಿ.

ಈಗ ವ್ಯವಸ್ಥೆ ಹೇಗಿದೆ ಅಂದ್ರೆ, ಅದಿರು ಬ್ರೆಜಿಲ್ ಥರ ದೇಶಗಳಿಂದ ದೊಡ್ಡ ಹಡಗಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್‌ಗೆ ಬರುತ್ತೆ. ಅಲ್ಲಿಂದ ಸುಮಾರು 220 ಕಿಮೀ ನದಿ ಮೇಲೆ. ಹಿಂದೆ ಒಂದು ತಳ್ಳೋ ಬೋಟ್ ಇರುತ್ತೆ, ಅದರ ಮುಂದೆ ನಾಲ್ಕು ಅಥವಾ ಆರು ಬಾರ್ಜ್ ಕಟ್ಟಿರ್ತಾರೆ, ಆರು ಬಾರ್ಜ್ ಸೇರಿ 16,000 ಟನ್ ತನಕ ಒಯ್ಯುತ್ತೆ. ಅಷ್ಟನ್ನೇ ರಸ್ತೆ ಮೇಲೆ ತರೋಕೆ 600ಕ್ಕೂ ಹೆಚ್ಚು ಲಾರಿ ಬೇಕು. ಕಾರ್ಖಾನೆಗೆ ಶ್ವೆಲ್ಗರ್ನ್ ಅಂತ ಅವ್ರದ್ದೇ ಸ್ವಂತ ಬಂದರಿದೆ, ಅದಿರು ಅಲ್ಲೇ ಇಳಿದು ಬೆಲ್ಟ್ ಮೇಲೆ ಒಳಗೆ ಹೋಗುತ್ತೆ. ನಿಮ್ಮನೆಯವ್ರು ಸೇರ್ತಿರೋದು ಆ ಬಂದರಿಗಲ್ಲ ಅನ್ಸುತ್ತೆ, ಡ್ಯೂಸ್‌ಪೋರ್ಟ್ ಕಡೆ ಇರಬೇಕು, ಕಂಟೇನರ್ ಎಲ್ಲ ಅಲ್ಲಿ. ಅದರ ಮಾಲೀಕತ್ವ ಮೂರರಲ್ಲಿ ಎರಡು ಭಾಗ ರಾಜ್ಯ ಸರ್ಕಾರದ್ದು, ಒಂದು ಭಾಗ ನಗರದ್ದು. ಎರಡೂ ಬೇರೆ ಬೇರೆ ಲೋಕ, ಇದನ್ನ ತಲೇಲಿ ಇಟ್ಕೊಳ್ಳಿ.

ಕರಾವಳಿ_ಕೂಸು
ಮಾರಾಯ್ರೆ, ನಮ್ಮ ಮಂಗ್ಳೂರು ಹಳೇ ಬಂದರು ಕೂಡ ನದಿ ಬಂದರೇ ಅಲ್ವಾ. ನೇತ್ರಾವತಿ, ಗುರುಪುರ ಎರಡೂ ಸೇರುವ ಅಳಿವೆಬಾಗಿಲಲ್ಲಿ ಉಂಟು. ಅಲ್ಲಿ ಮಳೆಗಾಲ ಮುಗಿದ ಮೇಲೆ ಹೂಳು ತೆಗೆಯುವುದೇ ದೊಡ್ಡ ತಲೆಬಿಸಿ, ದೊಡ್ಡ ಹಡಗು ಒಳಗೆ ಬರ್ಲಿಕ್ಕೇ ಆಗುದಿಲ್ಲ, ಅದಕ್ಕೇ ಪಣಂಬೂರಲ್ಲಿ ಹೊಸ ಬಂದರು ಮಾಡಿದ್ದು. ಅಲ್ಲಿ ರೈನಲ್ಲಿ ಹೂಳು ತುಂಬುದಿಲ್ವಾ?

ರೂರ್‌ಓರ್ಟ್_ನಿವಾಸಿ
@ಕರಾವಳಿ_ಕೂಸು ಇಲ್ಲಿ ಉಲ್ಟಾ ಕಥೆ ರೀ, ಕೇಳಿ. ರೈನ್ ನದೀನ ನೇರ ಮಾಡಿ, ದಂಡೆ ಕಟ್ಟಿ ಬಿಗಿ ಮಾಡಿದ್ದಕ್ಕೆ ನೀರಿನ ಓಟ ಜಾಸ್ತಿ ಆಗಿ ನದಿ ತಳ ಕೊರೀತಾ ಕೊರೀತಾ ಕೆಳಗೆ ಹೋಯ್ತು. ತಳ ಇಳಿದ್ರೆ ನೀರಿನ ಮಟ್ಟನೂ ಇಳೀತು. ಆದ್ರೆ ಬಂದರಿನ ಬೇಸಿನ್, ಅಂದ್ರೆ ಹಡಗು ನಿಲ್ಲೋ ಕೊಳ, ಇದ್ದಲ್ಲೇ ಇತ್ತು, ಅದರ ತಳ ಮೇಲೇ ಉಳೀತು, ನೀರು ಕಮ್ಮಿ ಆದಾಗ ಹಡಗು ತಳ ತಾಗೋ ಸ್ಥಿತಿ. ಅಗೆದು ಆಳ ಮಾಡೋಣ ಅಂದ್ರೆ ಪಕ್ಕದ ಗೋಡೆಗಳು, ಹಳಿಗಳು, ಕ್ರೇನುಗಳು ಎಲ್ಲ ಹೊಸದಾಗಿ ಕಟ್ಬೇಕು. ಆಗ ಏನ್ ಮಾಡಿದ್ರು ಗೊತ್ತಾ? ಬಂದರಿನ ಕೆಳಗೇ ಕಲ್ಲಿದ್ದಲು ಇತ್ತಲ್ಲ, ಅದನ್ನ ಲೆಕ್ಕ ಹಾಕಿ ಸಮವಾಗಿ ತೆಗೆದ್ರು. ಕೆಳಗೆ ಖಾಲಿ ಆದಂಗೆ ಮೇಲಿನ ಬಂದರು ಪೂರ್ತಿ, ಗೋಡೆ ಹಳಿ ಸಮೇತ, ನಿಧಾನಕ್ಕೆ ಸುಮಾರು 2 ಮೀಟರ್ ಕೆಳಗಿಳೀತು. 1950, 60ರ ದಶಕದಲ್ಲಿ ಮಾಡಿದ್ದು. ಆ ಟೈಮಲ್ಲೂ ಬಂದರು ನಡೀತಾನೇ ಇತ್ತು.

ಹುಬ್ಳಿಯಾಂವ
ಏನ್ರೀ ಇದು, ಬಂದರನ್ನ ಇಳಿಸಿದ್ರಾ? ನಂಬಾಕ ಆಗೂದಿಲ್ಲ. ಮ್ಯಾಲಿದ್ದ ಬಿಲ್ಡಿಂಗ್ ಬಿರುಕು ಬಿಡಲಿಲ್ಲೇನು?

ಮೆಟಲರ್ಜಿ_ಮೇಷ್ಟ್ರು
ನಂಬಿ, ನಿಜಾನೇ. ಗಣಿ ಎಂಜಿನಿಯರ್‌ಗಳಿಗೆ ನೆಲ ಎಲ್ಲಿ ಎಷ್ಟು ಕುಸಿಯುತ್ತೆ ಅನ್ನೋ ಲೆಕ್ಕ ಅಷ್ಟು ಚೆನ್ನಾಗಿ ಗೊತ್ತಿತ್ತು. ಹಾನಿ ಇರಲಿಲ್ಲ ಅಂತಲ್ಲ, ಆದ್ರೆ ಸಮವಾಗಿ ಇಳಿದ್ರೆ ಬಿರುಕು ಕಮ್ಮಿ, ಒಂದು ಕಡೆ ಮಾತ್ರ ಇಳಿದ್ರೇ ಕಟ್ಟಡ ಸೀಳೋದು. ಆದ್ರೆ ಇದೇ ಕುಸಿತದ ಇನ್ನೊಂದು ಮುಖ ನೋಡಿ. ಲೆಕ್ಕ ಇಲ್ಲದೆ ಕುಸಿದ ಕಡೆ ಊರೇ ಹೋಗಿದೆ. ಆಲ್ಸುಂ ಅಂತ ರೈನ್ ದಂಡೇಲಿ ಮೀನುಗಾರರ ಹಳ್ಳಿ ಇತ್ತು, ನೆಲ ನದಿ ಮಟ್ಟಕ್ಕಿಂತ ಕೆಳಗೆ ಇಳೀತು, ಜನರನ್ನ ಎಬ್ಬಿಸಿ 1960ರ ದಶಕದಲ್ಲಿ ಪೂರ್ತಿ ಕೆಡವಿದ್ರು. ಈಗ ಅಲ್ಲಿ ಯುದ್ಧದ ಅವಶೇಷ ಸುರಿದ ಒಂದು ಗುಡ್ಡ ಇದೆ. ಎಂಶರ್ ನದಿ ರೈನ್‌ಗೆ ಸೇರೋ ಸಂಗಮನೇ ಕುಸಿತದಿಂದಾಗಿ 1910ರಲ್ಲಿ ಒಮ್ಮೆ, 1949ರಲ್ಲಿ ಇನ್ನೊಮ್ಮೆ ಉತ್ತರಕ್ಕೆ ಸರಿಸಬೇಕಾಯ್ತು. ಲಿಗ್ನೈಟ್ ಬಿಟ್ರೆ ಜರ್ಮನಿಯ ಕೊನೇ ಕಲ್ಲಿದ್ದಲು ಗಣಿ 2018ರಲ್ಲಿ ಮುಚ್ಚಿದ್ರೂ ನೀರು ಎತ್ತೋ ಪಂಪುಗಳನ್ನ ನಿಲ್ಸೋ ಹಾಗಿಲ್ಲ, ನಿಲ್ಸಿದ್ರೆ ರೂರ್ ಪ್ರದೇಶದ ಎಷ್ಟೋ ಭಾಗ ಕೆರೆ ಆಗುತ್ತೆ. ಕಲ್ಲಿದ್ದಲಿನ ಲಾಭ ಒಂದೆರಡು ತಲೆಮಾರು ತಿಂತು, ಪಂಪಿನ ಖರ್ಚು ಮುಂದಿನ ಎಲ್ಲ ತಲೆಮಾರಿಗೂ ಇದೆ. ನಮ್ಮಲ್ಲಿ ಗಣಿಗೆ ಲೈಸೆನ್ಸ್ ಕೊಡೋರು ಇದನ್ನ ಓದ್ಬೇಕು.

ಉತ್ತರದ_ಅಮ್ಮ
ಮೇಡಂ ಕೇಳಿದ ಪ್ರಶ್ನೆ ಎಲ್ಲೋ ಹೋಯ್ತು, ಎಲ್ರೂ ನದಿ ಗಣಿ ಅಂತಿದೀರಿ. ಮಗು ಬಗ್ಗೆ ನಾನು ಹೇಳ್ತೀನಿ. ನಾವು ಉತ್ತರ ಭಾಗದಲ್ಲಿ ಇದ್ವಿ. ಬಾಲ್ಕನೀಲಿ ಬಟ್ಟೆ ಒಣಗಿಸೋ ಹಾಗಿರ್ಲಿಲ್ಲ, ಕಿಟಕಿ ಕಟ್ಟೆ ಬೆಳಿಗ್ಗೆ ಒರೆಸಿದ್ರೆ ಸಂಜೆಗೆ ಬೆರಳಲ್ಲಿ ಹೆಸರು ಬರೀಬಹುದಿತ್ತು, ಬಿಸಿಲಲ್ಲಿ ಆ ಧೂಳು ಮಿಣಮಿಣ ಅಂತ ಹೊಳೀತಿತ್ತು. ಯಾವ ಚಿಮಣಿಯದ್ದು ಅಂತ ನಾನು ಹೇಳೋಕೆ ಹೋಗಲ್ಲ, ಅಲ್ಲಿ ಕಾರ್ಖಾನೆ, ಲಾರಿ, ರೈಲು, ಹಡಗು ಎಲ್ಲ ಇದೆ. ಆದ್ರೆ ಮಗುಗೆ ಕೆಮ್ಮು ಬಿಡ್ತಾನೇ ಇರ್ಲಿಲ್ಲ, ನಾವು ಮನೆ ಬದಲಾಯಿಸಿದ್ವಿ. ಬಾಡಿಗೆ ಕಮ್ಮಿ ಇರೋದಕ್ಕೆ ಕಾರಣ ಇದೆ.

ವಿದ್ಯಾರ್ಥಿ_ಎಸೆನ್
ಅಕ್ಕ ಹೇಳಿದ್ದು ಸರಿ ಆದ್ರೆ ಗಾಳಿ ಮೊದ್ಲಿಗಿಂತ ತುಂಬಾ ಸುಧಾರಿಸಿದೆ ಅಂತ ನಮ್ಮ ಪ್ರೊಫೆಸರ್ ಹೇಳ್ತಾರೆ. ಅರ್ವತ್ತರ ದಶಕದಲ್ಲಿ ಇಲ್ಲಿ ಬಿಳಿ ಬಟ್ಟೆ ಹೊರಗೆ ಹಾಕಿದ್ರೆ ಬೂದು ಬಣ್ಣ ಆಗ್ತಿತ್ತಂತೆ. ರಾಜ್ಯದ ಪರಿಸರ ಇಲಾಖೆ ಬ್ರುಕ್‌ಹೌಸನ್‌ನಲ್ಲೇ ಅಳತೆ ಕೇಂದ್ರ ಇಟ್ಟಿದೆ, ಅಂಕಿ ಆನ್‌ಲೈನ್ ಸಿಗುತ್ತೆ, ಭಯ ಪಡೋ ಮೊದ್ಲು ಅದನ್ನ ನೋಡಿ.

ಉತ್ತರದ_ಅಮ್ಮ
ತಮ್ಮಾ, ಅರ್ವತ್ತರ ದಶಕಕ್ಕೆ ಹೋಲಿಸಿದ್ರೆ ಎಲ್ಲಾನೂ ಚೆನ್ನಾಗೇ ಕಾಣ್ಸುತ್ತೆ. ನನ್ನ ಮಗು ಉಸಿರಾಡ್ತಿರೋದು ಇವತ್ತು. ಬ್ರುಕ್‌ಹೌಸನ್‌ನಲ್ಲಿ ಕಾರ್ಖಾನೆ ಎದುರಿಗಿದ್ದ ಸಾಲು ಸಾಲು ಹಳೇ ಮನೆಗಳನ್ನ ಕೆಡವಿ ಹಸಿರು ಪಟ್ಟಿ ಮಾಡಿದಾರೆ, ಸುಮ್ನೆ ಮಾಡಿದ್ರಾ? ದಕ್ಷಿಣದಲ್ಲೂ ಹಳೇ ಸತು ಸೀಸದ ಕಾರ್ಖಾನೆ ಇದ್ದ ಕಡೆ ಮಣ್ಣಲ್ಲಿ ಸೀಸ, ಕ್ಯಾಡ್ಮಿಯಂ ಇದೆ. ಹಿತ್ತಲಲ್ಲಿ ಸೊಪ್ಪು ಬೆಳೀಬೇಕು ಅಂತ ಆಸೆ ಇದ್ರೆ ನಗರಪಾಲಿಕೆಗೆ ಫೋನ್ ಮಾಡಿ ಆ ಬೀದಿ ಮಣ್ಣಿನ ವರದಿ ಕೇಳಿ. ಕೇಳೋಕೆ ನಾಚ್ಕೋಬೇಡಿ, ಅವ್ರು ಹೇಳ್ತಾರೆ.

ತೋರಣಗಲ್ಲು_ಹುಡ್ಗ
ಧೂಳು ಅಂದ್ರ ನಮ್ಮ ಕಡೆ ಬರ್ರಿ ಅಕ್ಕಾರ, ಸಂಡೂರು ದಾರ್ಯಾಗ ಗಿಡದ ಎಲಿ ಎಲ್ಲಾ ಕೆಂಪಗ ಇರ್ತಾವ. ಅದಿರ್ಲಿ, ಒಂದ್ ಸುದ್ದಿ ಯಾರೂ ಹೇಳ್ಲಿಲ್ಲಲ್ಲ. ಆ ಥೈಸೆನ್‌ಕ್ರುಪ್ ಉಕ್ಕಿನ ಕಂಪನಿ ತಗೊಳ್ಳಾಕ ನಮ್ಮ ಬಳ್ಳಾರಿ ಜಿಂದಾಲ್‌ನವ್ರು ಆಫರ್ ಕೊಟ್ಟಾರಲ್ರೀ! ನಮ್ಮೂರ ಕಂಪನಿ ಜರ್ಮನಿ ಕಂಪನಿ ಖರೀದಿ ಮಾಡ್ತೈತಿ ಅಂದ್ರ ಸಣ್ಣ ಮಾತಾ?

ಮೆಟಲರ್ಜಿ_ಮೇಷ್ಟ್ರು
@ತೋರಣಗಲ್ಲು_ಹುಡ್ಗ ತಮ್ಮಾ, ಅದು ಬೇರೆ ಜಿಂದಾಲ್. ನಿಮ್ಮ ತೋರಣಗಲ್ಲಿನದ್ದು ಸಜ್ಜನ್ ಜಿಂದಾಲ್ ಅವ್ರ ಜೆಎಸ್‌ಡಬ್ಲ್ಯೂ. 2025ರ ಸೆಪ್ಟೆಂಬರ್‌ನಲ್ಲಿ ಥೈಸೆನ್‌ಕ್ರುಪ್ ಸ್ಟೀಲಿಗೆ ಆಫರ್ ಕೊಟ್ಟಿದ್ದು ಸಜ್ಜನ್ ಅವ್ರ ತಮ್ಮ ನವೀನ್ ಜಿಂದಾಲ್ ಅವ್ರ ಜಿಂದಾಲ್ ಸ್ಟೀಲ್ ಇಂಟರ್‌ನ್ಯಾಷನಲ್. ಆಫರ್ ಕೊಡೋದೇ ಬೇರೆ, ಕೊಳ್ಳೋದೇ ಬೇರೆ, ಪಿಂಚಣಿ ಬಾಕಿ, ಹೊಸ ಪ್ಲಾಂಟಿನ ಖರ್ಚು ಅಂತ ಚೌಕಾಸಿಗೆ ಬೇಕಾದಷ್ಟಿದೆ.

ಭಾರತಕ್ಕೂ ಈ ಊರಿಗೂ ಹಳೇ ನಂಟು ಬೇಕಂದ್ರೆ ರೂರ್ಕೆಲಾ ಇದೆ. 1959ರಲ್ಲಿ ಮೊದಲ ಕುಲುಮೆ ಹಚ್ಚಿದ ಆ ಕಾರ್ಖಾನೆ ಕಟ್ಟೋದ್ರಲ್ಲಿ ಮುಂದಿದ್ದಿದ್ದು ಕ್ರುಪ್ ಮತ್ತು ಡೆಮಾಗ್ ಜೋಡಿ, ಡೆಮಾಗ್ ಡ್ಯೂಸ್‌ಬರ್ಗ್‌ನದ್ದೇ ಕಂಪನಿ. ಅರ್ವತ್ತು ಎಪ್ಪತ್ತು ವರ್ಷದಲ್ಲಿ ಕೊಡೋರು ತಗೊಳ್ಳೋರು ಜಾಗ ಬದಲಾಯಿಸಿದ್ದಾರೆ, ನನಗೆ ಅದು ನಿಜವಾಗ್ಲೂ ಹೆಮ್ಮೆ ವಿಷ್ಯ.

ಈಗ ಕೆಲಸದ ವಿಚಾರ. 2024ರ ನವೆಂಬರ್‌ನಲ್ಲಿ ಥೈಸೆನ್‌ಕ್ರುಪ್‌ನವ್ರು ಹೇಳಿದ್ದು, 11,000 ಹುದ್ದೆ ಕಮ್ಮಿ ಮಾಡ್ತೀವಿ ಅಂತ. ಅದರಲ್ಲಿ 5,000 ನೇರ ಕಡಿತ, 6,000 ಹೊರಗುತ್ತಿಗೆ ಅಥವಾ ಮಾರಾಟದಿಂದ. ಉತ್ಪಾದನಾ ಸಾಮರ್ಥ್ಯ 1.15 ಕೋಟಿ ಟನ್‌ನಿಂದ 90 ಲಕ್ಷ ಟನ್ ಆಸುಪಾಸಿಗೆ. ಕಾರಣ ಒಂದಲ್ಲ. ಅಗ್ಗದ ಆಮದು, ಕಾರ್ ಕಂಪನಿಗಳ ಬೇಡಿಕೆ ಇಳಿದಿದ್ದು, ವಿದ್ಯುತ್ ಗ್ಯಾಸ್ ದರ. ಅದರ ಮೇಲೆ ಕಾರ್ಬನ್ ವೆಚ್ಚ, ಈ ಒಂದು ಕಾರ್ಖಾನೆ ಬಿಡೋದು ಇಡೀ ಜರ್ಮನಿಯ ಕಾರ್ಬನ್‌ನಲ್ಲಿ ಸುಮಾರು ಶೇ 2.5. ಅದಕ್ಕೇ ಹಳೇ ಕುಲುಮೆ ಜಾಗದಲ್ಲಿ ಕಲ್ಲಿದ್ದಲಿನ ಬದ್ಲು ಹೈಡ್ರೋಜನ್ ಬಳಸೋ ಪ್ಲಾಂಟ್ ಕಟ್ತಿದಾರೆ, ವರ್ಷಕ್ಕೆ 25 ಲಕ್ಷ ಟನ್, ಸರ್ಕಾರದ ನೆರವೇ 200 ಕೋಟಿ ಯೂರೋ. ಕಷ್ಟ ಇರೋದು ಹೈಡ್ರೋಜನ್ ದರದಲ್ಲಿ. ಶುರುವಿನಲ್ಲಿ ನ್ಯಾಚುರಲ್ ಗ್ಯಾಸಲ್ಲಿ ನಡೆಸಿದ್ರೂ ಕಲ್ಲಿದ್ದಲಿಗಿಂತ ಕಾರ್ಬನ್ ಕಮ್ಮಿ, ಆದ್ರೆ ಗ್ಯಾಸ್ ಮೇಲೇ ನಿಂತುಬಿಟ್ರೆ ಅಷ್ಟು ಸಾರ್ವಜನಿಕ ಹಣ ಹಾಕಿದ್ದಕ್ಕೆ ಅರ್ಥ ಇಲ್ಲ.

ತೋರಣಗಲ್ಲು_ಹುಡ್ಗ
ಯಾವ ಜಿಂದಾಲ್ ಆದ್ರೂ ನಮ್ಮ ದೇಶದವ್ರ ಅಲ್ರೀ ಸರ 💪

ಭದ್ರಾತೀರ
ಮೇಷ್ಟ್ರೇ ನಿಮ್ಮ ಅಂಕಿ ಅಂಶ ಎಲ್ಲ ಸರಿ, ಆದ್ರೆ ಕಾರ್ಖಾನೆ ನಿಂತೋದ್ರೆ ಊರಿಗೆ ಏನಾಗುತ್ತೆ ಅಂತ ಭದ್ರಾವತಿಯವ್ರನ್ನ ಕೇಳಿ. ನಮ್ಮ ತಾತ, ಅಪ್ಪ ಇಬ್ರೂ ವಿಐಎಸ್‌ಎಲ್‌ನಲ್ಲಿ ಕೆಲಸ ಮಾಡಿದೋರು. ಮೈಸೂರು ಸಂಸ್ಥಾನದ ಕಾಲದಲ್ಲಿ ವಿಶ್ವೇಶ್ವರಯ್ಯನವ್ರು ನಿಂತು ಬೆಳೆಸಿದ ಕಾರ್ಖಾನೆ, 1923ರಿಂದ ಕಬ್ಬಿಣ ಮಾಡಿದ್ದು, ಕೆಮ್ಮಣ್ಣುಗುಂಡಿ ಅದಿರು, ಮಲೆನಾಡಿನ ಕಟ್ಟಿಗೆ ಇದ್ದಿಲು. 2023ರ ಜನವರೀಲಿ, ಸರಿಯಾಗಿ ನೂರು ವರ್ಷ ಆಗೋ ಹೊತ್ತಿಗೆ, ಮುಚ್ತೀವಿ ಅಂದ್ರು. ಗುತ್ತಿಗೆ ಕಾರ್ಮಿಕರು ಗೇಟ್ ಮುಂದೆ ಕೂತಿದ್ದು ಎಷ್ಟು ಜನಕ್ಕೆ ನೆನಪಿದೆ?

ಅದಕ್ಕೇ ಡ್ಯೂಸ್‌ಬರ್ಗ್‌ನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋ ಜಾಗ ರೈನ್‌ಹೌಸನ್. ಅಲ್ಲಿ ಕ್ರುಪ್ ಉಕ್ಕಿನ ಕಾರ್ಖಾನೆ ಇತ್ತು. 1987ರ ನವೆಂಬರ್‌ನಲ್ಲಿ ಮುಚ್ಚೋ ಸುದ್ದಿ ಬಂತು. ಕಾರ್ಮಿಕರು ಬಿಡ್ಲಿಲ್ಲ, ಡಿಸೆಂಬರ್ 10ಕ್ಕೆ ರೈನ್ ಮೇಲಿನ ಸೇತುವೆನೇ ಬಂದ್ ಮಾಡಿದ್ರು. ಊರಿನ ಅಂಗಡಿಯವ್ರು, ಪಾದ್ರಿಗಳು, ಶಾಲೆ ಮಕ್ಕಳು, ಹೆಂಗಸರು ಎಲ್ಲ ಬೀದಿಗೆ ಬಂದ್ರು. ಹೋರಾಟ 160 ದಿನ ನಡೀತು. ಆ ಸೇತುವೆಗೆ ಈಗ ಒಗ್ಗಟ್ಟಿನ ಸೇತುವೆ ಅಂತಾನೇ ಹೆಸರು. ಆದ್ರೂ ಕಾರ್ಖಾನೆ ಉಳೀಲಿಲ್ಲ, 1993ರಲ್ಲಿ ಮುಚ್ತು. ಆದ್ರೆ ಹೋರಾಟದಿಂದ ಐದಾರು ವರ್ಷ ಸಿಕ್ತಲ್ಲ, ಅಷ್ಟರಲ್ಲಿ ಎಷ್ಟೋ ಜನ ನಿವೃತ್ತಿ, ಬೇರೆ ಪ್ಲಾಂಟು ಅಂತ ದಾರಿ ನೋಡ್ಕೊಂಡ್ರು.

ಕಂಟೇನರ್_ಕೆಲಸಗಾರ
@ಭದ್ರಾತೀರ ಅಣ್ಣಾ, ನಾನು ಕೆಲಸ ಮಾಡೋದು ಅದೇ ಜಾಗದಲ್ಲಿ. ಕ್ರುಪ್ ಹೋದ ಮೇಲೆ ಬಂದರಿನವ್ರು ಆ ಜಮೀನು ತಗೊಂಡು 1998ರಿಂದ ಲಾಗ್‌ಪೋರ್ಟ್ ಅಂತ ಮಾಡಿದ್ರು. ಕುಲುಮೆ ಇದ್ದ ಕಡೆ ಈಗ ಗೋದಾಮು, ಕಂಟೇನರ್ ಯಾರ್ಡ್, ರೈಲು, ಹಡಗು, ಲಾರಿ ಮೂರೂ ಒಂದೇ ಕಡೆ. 2011ರಿಂದ ಚೀನಾದ ಚೊಂಗ್‌ಚಿಂಗ್‌ನಿಂದ ನೇರ ಗೂಡ್ಸ್ ರೈಲು, 11,000 ಕಿಮೀ ಮೇಲೆ. 2014ರಲ್ಲಿ ಷಿ ಜಿನ್‌ಪಿಂಗ್ ಬಂದಾಗ ಇಲ್ಲೇ ಒಂದು ರೈಲನ್ನ ಸ್ವಾಗತಿಸಿದ್ದು. 2020ರಲ್ಲಿ ಬಂದರು ಒಟ್ಟು 40 ಲಕ್ಷ ಟಿಇಯು (20 ಅಡಿ ಕಂಟೇನರ್ ಲೆಕ್ಕ) ದಾಟಿತ್ತು. ಹಾಗಾಗಿ ಹೊಸದಾಗಿ ಬಂದ ಮೇಡಂಗೆ ಉತ್ತರ ಏನಪ್ಪಾ ಅಂದ್ರೆ, ಉಕ್ಕು ಇಳಿದ್ರೂ ಬಂದರು ನಡಿಯುತ್ತೆ.

ಭದ್ರಾತೀರ
ಗೋದಾಮು ಕೆಲಸ, ಉಕ್ಕಿನ ಕೆಲಸ ಒಂದೇ ಅಂತೀರಾ? ಉಕ್ಕಿನ ಕಾರ್ಖಾನೇಲಿ ಯೂನಿಯನ್ ಇರುತ್ತೆ, ಸಂಬಳ ಜಾಸ್ತಿ, ಹುಡುಗ ಹದಿನಾರಕ್ಕೆ ಟ್ರೈನಿಂಗ್ ಸೇರಿದ್ರೆ ನಿವೃತ್ತಿ ತನಕ ಒಂದೇ ಕಡೆ. ಗೋದಾಮಲ್ಲಿ ಏಜೆನ್ಸಿ ಮೂಲಕ ತಗೋತಾರೆ, ಆರ್ಡರ್ ಕಮ್ಮಿ ಆದ್ರೆ ಮನೆಗೆ ಹೋಗಿ ಅಂತಾರೆ.

ಕಂಟೇನರ್_ಕೆಲಸಗಾರ
ಅದು ಒಪ್ತೀನಿ. ಏಜೆನ್ಸಿ ಕೆಲಸ ಕಷ್ಟಾನೇ, ನಾನೂ ಶುರು ಮಾಡಿದ್ದು ಹಾಗೇ, ಆ ಏಜೆನ್ಸಿಯವ್ರು ಓವರ್‌ಟೈಮ್ ದುಡ್ಡು ಕೊಡೋಕೆ ಎಷ್ಟು ಸತಾಯಿಸಿದ್ರು ನನಗೇ ಗೊತ್ತು. ಆದ್ರೆ ಖಾಲಿ ಜಮೀನು ಬಿಟ್ಟು ಹೋಗೋದಕ್ಕಿಂತ ಸಾವಿರಾರು ಜನಕ್ಕೆ ಏನೋ ಒಂದು ಕೆಲಸ ಸಿಕ್ತಲ್ಲ? ಭದ್ರಾವತೀಲಿ ಅಷ್ಟು ಜಮೀನಿದೆ, ಅದಕ್ಕೆ ಯಾರಾದ್ರೂ ಯೋಜನೆ ಮಾಡಿದಾರಾ ಹೇಳಿ.

ಭದ್ರಾತೀರ
ಇಲ್ಲ. ಅದೇ ನಮ್ಮ ಹೊಟ್ಟೆ ಉರಿ.

ಕರಾವಳಿ_ಕೂಸು
ನೀರಿನ ವಿಷಯ ಒಂದು ಬಾಕಿ ಉಂಟು. 2018ರಲ್ಲಿ ರೈನ್ ಒಣಗಿ ಕಾಬ್ ಎಂಬಲ್ಲಿ ಬರೀ 25 ಸೆಂಟಿಮೀಟರ್ ನೀರು ಇದ್ದದ್ದು ಅಂತ ಓದಿದೆ. ಮೊಣಕಾಲು ಮುಳುಗದಷ್ಟು ನೀರಲ್ಲಿ ಹಡಗು ಹೇಗೆ ಹೋಗುದು?

ರೂರ್‌ಓರ್ಟ್_ನಿವಾಸಿ
ಆ 25 ಸೆಂಮೀ ನೀರಿನ ಆಳ ಅಲ್ಲ, ಅಳತೆ ಪಟ್ಟಿ ತೋರ್ಸೋ ಅಂಕಿ. ಪಟ್ಟಿಯ ಸೊನ್ನೆ ನದಿ ತಳದಲ್ಲಿ ಇರಲ್ಲ. ಹಡಗು ಹೋಗೋ ದಾರೀಲಿ ಅವತ್ತು ಸುಮಾರು 1.37 ಮೀಟರ್ ಆಳ ಇತ್ತು. ಹಾಗಾಗಿ ಹಡಗು ನಿಲ್ಲಲ್ಲ, ಆದ್ರೆ ತುಂಬಾ ಕಮ್ಮಿ ಸರಕು ತುಂಬಿ ಹೋಗ್ಬೇಕು, ಒಂದು ಹಡಗಿನ ಮಾಲಿಗೆ ಮೂರು ನಾಲ್ಕು ಹಡಗು ಬೇಕು, ಬಾಡಿಗೆ ಆಕಾಶಕ್ಕೆ. ಮತ್ತೆ ಕಾಬ್ ನಮಗಿಂತ ಎಷ್ಟೋ ಮೇಲೆ, ಮೈಂಟ್ಸ್ ಕಾಬ್ಲೆಂಟ್ಸ್ ನಡುವೆ ಇದೆ. ರಾಟರ್‌ಡ್ಯಾಮ್‌ನಿಂದ ಇಲ್ಲಿಗೆ ಬರೋ ಅದಿರಿಗೆ ಕಾಬ್ ದಾಟೋದೇ ಬೇಡ, ಇಲ್ಲಿ ರೂರ್‌ಓರ್ಟ್ ಅಳತೆ ಮುಖ್ಯ. ಆದ್ರೂ ಅವತ್ತು ಇಲ್ಲೂ ಇಳಿದಿತ್ತು, ಬಾರ್ಜ್ ಅರ್ಧಂಬರ್ಧ ತುಂಬಿ ಬರ್ತಿದ್ವು, ಥೈಸೆನ್‌ಕ್ರುಪ್ ಗ್ರಾಹಕರಿಗೆ ಮಾಲು ಒಪ್ಪಿದಂತೆ ಕೊಡೋಕೆ ಆಗಲ್ಲ ಅಂತ ಹೇಳ್ಬೇಕಾಯ್ತು. 2022ರ ಆಗಸ್ಟ್‌ನಲ್ಲಿ ಮತ್ತೆ ಅದೇ ಗೋಳು. ಕಾರ್ಬನ್ ಬಿಟ್ಟು ಬಿಟ್ಟು ಬಿಸಿ ಮಾಡಿದ ಬೇಸಿಗೆ ಇದೇ ಕಾರ್ಖಾನೆಗೆ ಅದಿರು ಬರೋ ದಾರಿ ಕಟ್ಟುತ್ತೆ, ಇದನ್ನ ಯೋಚಿಸಿದ್ರೆ ನನಗೆ ರಾತ್ರಿ ನಿದ್ದೆ ಬರಲ್ಲ.

ಹುಬ್ಳಿಯಾಂವ
ಸರ ಎಲ್ಲಾ ತಿಳೀತು. ಅಲ್ಲಿ ನೋಡೂ ಅಂಥಾದ್ದು ಏನರ ಐತೇನು? ನಾವ್ ಜೂನ್‌ನಾಗ ತಂಗಿ ಮನಿಗೆ ಬರಾವ್ರು ಅದೀವಿ.

ವಿದ್ಯಾರ್ಥಿ_ಎಸೆನ್
ಲ್ಯಾಂಡ್‌ಶಾಫ್ಟ್ಸ್‌ಪಾರ್ಕ್ ಖಂಡಿತ ನೋಡಿ ಸಾರ್!! ಮೈಡರಿಶ್‌ನಲ್ಲಿ 1985ರಲ್ಲಿ ಮುಚ್ಚಿದ ಕಬ್ಬಿಣದ ಕಾರ್ಖಾನೆ, ಕೆಡವೋ ಬದ್ಲು ಪಾರ್ಕ್ ಮಾಡಿದಾರೆ. ಪೀಟರ್ ಲಾಟ್ಸ್ ಅನ್ನೋರ ವಿನ್ಯಾಸ. ಕುಲುಮೆ ಮೇಲೆ ಹತ್ತಬಹುದು, ಅದಿರು ತುಂಬ್ತಿದ್ದ ಗೋಡೆಗಳ ಮೇಲೆ ಕ್ಲೈಂಬಿಂಗ್ ಮಾಡ್ತಾರೆ, ಗ್ಯಾಸ್ ಟ್ಯಾಂಕ್ ಒಳಗೆ ನೀರು ತುಂಬಿ ಡೈವಿಂಗ್ ಕಲಿಸ್ತಾರೆ. ಎಂಟ್ರಿ ಫ್ರೀ. 903 ಟ್ರಾಮ್ ಹತ್ತಿ. ರಾತ್ರಿ ಬಣ್ಣದ ಲೈಟ್ ಹಾಕ್ತಾರೆ, ಆಗ ಹೋಗಿ. ನಡೀತಿರೋ ಕಾರ್ಖಾನೆ ನೋಡ್ಬೇಕು ಅಂದ್ರೆ ಮೇಷ್ಟ್ರು ಹೇಳಿದ ಆಲ್ಸುಂ ಗುಡ್ಡ ಹತ್ತಿ, ಕಲ್ಲಿದ್ದಲಿನಿಂದ ಕೋಕ್ ಮಾಡೋ ಪ್ಲಾಂಟಿನಿಂದ ಬಿಳಿ ಹಬೆ ಮೋಡ ಏಳೋದು ಅಲ್ಲಿಂದ ಕಾಣ್ಸುತ್ತೆ.

ಮೆಟಲರ್ಜಿ_ಮೇಷ್ಟ್ರು
ರೂರ್‌ಓರ್ಟ್‌ನಲ್ಲಿ ಒಳನಾಡು ಹಡಗು ಸಾಗಣೆಯ ಮ್ಯೂಸಿಯಂ ಇದೆ, ಅದನ್ನ ಬಿಡ್ಬೇಡಿ. ಆಸ್ಕರ್ ಹೂಬರ್ ಅನ್ನೋ ಹಳೇ ಚಕ್ರದ ಸ್ಟೀಮ್ ಹಡಗು ದಂಡೇಲಿ ಕಟ್ಟಿದಾರೆ. ಮಕ್ಕಳಿಗೆ ಪಾಠ ಮಾಡೋ ನನ್ನಂಥೋರಿಗೆ ಅರ್ಧ ದಿನ ಸಾಲಲ್ಲ.

ಉತ್ತರದ_ಅಮ್ಮ
ಮಾರ್ಕ್ಸ್‌ಲೋನ ಬರೀ ಬೈದು ಬಿಟ್ಟೆ ಅನ್ಸ್ತಿದೆ, ಒಂದು ಒಳ್ಳೇದೂ ಹೇಳ್ತೀನಿ. 1961ರ ಒಪ್ಪಂದದ ಮೇಲೆ ಗಣಿಗೆ ಕುಲುಮೆಗೆ ದುಡಿಯೋಕೆ ಬಂದ ಟರ್ಕಿಯವ್ರ ಮಕ್ಕಳು ಮೊಮ್ಮಕ್ಕಳು ಅಲ್ಲಿದಾರೆ. ಮದುವೆ ಬಟ್ಟೆ ಅಂಗಡಿ ಸಾಲು ನೋಡಿದ್ರೆ ನಮ್ಮ ಚಿಕ್ಕಪೇಟೆ ನೆನಪಾಗುತ್ತೆ, ಹಾಲೆಂಡಿನಿಂದೆಲ್ಲ ಜನ ಬಂದು ಕೊಳ್ತಾರೆ. ತರಕಾರಿ ಅಂಗಡೀಲಿ ಎಳೇ ಬೆಂಡೆಕಾಯಿ, ಬದನೆ, ಕಟ್ಟು ಕಟ್ಟು ಕೊತ್ತಂಬರಿ ಸಿಗುತ್ತೆ. ನಮ್ಮ ಪಕ್ಕದ್ಮನೆ ಅಜ್ಜಿ ಮಗು ನೋಡ್ಕೊಳ್ತಿದ್ರು, ಒಂದು ರೂಪಾಯಿ ತಗೊಳ್ಳಲಿಲ್ಲ. ಗಾಳಿ ಒಂದು ಚೆನ್ನಾಗಿದ್ದಿದ್ರೆ ನಾನು ಅಲ್ಲಿಂದ ಏಳ್ತಾನೇ ಇರ್ಲಿಲ್ಲ.

ಹೊಸದಾಗಿ_ಬಂದೋಳು
ಇಷ್ಟೆಲ್ಲ ಬರೀತೀರಿ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ತುಂಬಾ ಥ್ಯಾಂಕ್ಸ್. ನಮ್ಮನೆಯವ್ರಿಗೂ ಓದಿ ಹೇಳಿದೆ. ಬ್ರುಕ್‌ಹೌಸನ್ ಮನೆ ಬೇಡ ಅಂತ ಆಯ್ತು. ರೂರ್‌ಓರ್ಟ್‌ನಲ್ಲಿ ಒಂದು ಎರಡು ರೂಮಿನ ಮನೆ ಶನಿವಾರ ನೋಡೋಕೆ ಹೋಗ್ತಿದೀವಿ. ಕಂಟೇನರ್ ಕೆಲಸದ ಅಣ್ಣ, ನಮ್ಮನೆಯವ್ರದ್ದು ಏಜೆನ್ಸಿ ಅಲ್ಲ, ಕಂಪನಿ ನೇರ ಕಾಂಟ್ರ್ಯಾಕ್ಟ್, ಆದ್ರೆ ಮೊದಲ ಆರು ತಿಂಗಳು ಪ್ರೊಬೇಷನ್ ಇದೆ. ಮನೆ ಅಗ್ರಿಮೆಂಟ್ ಮಾಡೋವಾಗ ಏನು ನೋಡ್ಬೇಕು?

ಕಂಟೇನರ್_ಕೆಲಸಗಾರ
ಪ್ರೊಬೇಷನ್ ಇದ್ರೆ ಒಂದೇ ಮಾತು. ಸಾಮಾನ್ಯವಾಗಿ ಬಾಡಿಗೆದಾರರು ಮೂರು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು. ಆದ್ರೆ ಕೆಲವು ಅಗ್ರಿಮೆಂಟಲ್ಲಿ ಒಂದು ವರ್ಷ, ಎರಡು ವರ್ಷ ಬಿಡೋ ಹಾಗಿಲ್ಲ ಅಂತ ಸೇರಿಸಿರ್ತಾರೆ. ಆ ಸಾಲು ಇದ್ರೆ ತೆಗೆಸಿ, ತೆಗೆಯಲ್ಲ ಅಂದ್ರೆ ಸಹಿ ಹಾಕ್ಬೇಡಿ. ಹೀಟಿಂಗ್ ಸೇರಿ ಬಾಡಿಗೆ ಎಷ್ಟು ಅಂತ ಬರವಣಿಗೇಲಿ ತಗೊಳ್ಳಿ.

ಉತ್ತರದ_ಅಮ್ಮ
ಮನೆ ನೋಡೋಕೆ ಹೋದಾಗ ಕಿಟಕಿ ಹೊರಗಿನ ಕಟ್ಟೆ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ ಮಾ. ಕೆಳಗಡೆ ಮನೆಯವ್ರನ್ನೂ ಮಾತಾಡ್ಸಿ.